ಕೈ ಹೋಗದ ಗಡಿಗೆ

ಎಷ್ಟು ಹಿಂದಿನ ಮಾತು ಎಂದು ಕೇಳಬೇಡಿ. ಊರಿಗೆ ಇನ್ನೂ ಅಗಸೆ ಬಾಗಿಲಿತ್ತು, ಬಾಗಿಲಿಗೆ ಇನ್ನೂ ಅಗುಳಿ ಇತ್ತು, ಅಷ್ಟು ಹಿಂದೆ. ಒಂದು ಊರು. ಹೆಸರು ಹೇಳೋಣವೆಂದರೆ ಮೂರು ಊರಿನವರು ಬಡಿಗೆ ಹಿಡಿದು ಬರುತ್ತಾರೆ, ಬಾಳವ್ವ ನಮ್ಮಾಕಿ, ಬಾಳವ್ವ ನಮ್ಮಾಕಿ ಅಂತ. ಅವಳು ಬದುಕಿದ್ದಾಗ ಮೂರು ಊರಿನವರೂ ಅವಳನ್ನು ಹುಚ್ಚಿ ಅಂದವರೇ. ಆದ್ದರಿಂದ ಹೆಸರು ಬೇಡ. ಒಂದು ಊರು, ಊರಿಗೊಂದು ಕೆರೆ, ಕೆರೆ ದಂಡೆಯ ಮೇಲೆ ಕುಂಬಾರರದು ಒಂದೇ ಮನೆ. ಆ ಮನೆಯ ಸೊಸೆ ಬಾಳವ್ವ.

ಆ ಊರಲ್ಲಿ ಹುಟ್ಟಿದ ಕೂಸಿಗೆ ಹೆಸರಿಡುತ್ತಿರಲಿಲ್ಲವಂತೆ. ಒಂದು ಮಳೆಗಾಲ ದಾಟಬೇಕು, ಆಮೇಲೆ ಹೆಸರು. ಅಲ್ಲಿಯವರೆಗೆ ಗಂಡಾದರೂ ಕೂಸು, ಹೆಣ್ಣಾದರೂ ಕೂಸು. ಯಾಕೆಂದರೆ ಮೊದಲ ಮಳೆ ಬಿದ್ದು ಕೆರೆಗೆ ಹೊಸ ನೀರು ಇಳಿಯಿತೋ, ಓಣಿ ಓಣಿಯಲ್ಲಿ ಕೂಸುಗಳಿಗೆ ಭೇದಿ ಹತ್ತುತ್ತಿತ್ತು. ಒಂದನೇ ದಿನಕ್ಕೆ ಕಣ್ಣು ಒಳಗೆ ಹೋಗುತ್ತಿದ್ದವು, ಎರಡನೇ ದಿನಕ್ಕೆ ನೆತ್ತಿ ಗುಳಿ ಬೀಳುತ್ತಿತ್ತು, ಮೂರನೇ ದಿನಕ್ಕೆ ಅಳು ನಿಲ್ಲುತ್ತಿತ್ತು. ಹೆಸರಿಟ್ಟ ಕೂಸು ಹೋದರೆ ಹೆಸರು ಹಿಡಿದು ಅಳಬೇಕು, ಹೆಸರಿಲ್ಲದ್ದು ಹೋದರೆ ಅಳು ಬೇಗ ಮುಗಿಯುತ್ತದೆ ಎಂದು ಯಾರೋ ಹಿರಿಯರು ಯೋಚಿಸಿ ಮಾಡಿದ ಕಟ್ಟಳೆ ಅದು. ಆ ಹಿರಿಯರು ಗಂಡಸರೇ ಇರಬೇಕು.

ಭೇದಿ ಯಾಕೆ ಬರುತ್ತದೆ ಅಂದರೆ ಊರಲ್ಲಿ ಉತ್ತರಕ್ಕೇನೂ ಬರವಿರಲಿಲ್ಲ. ಹಲ್ಲು ಬರೋ ಭೇದಿ ಅನ್ನುತ್ತಿದ್ದರು. ದೃಷ್ಟಿಯಾಗಿದೆ ಅನ್ನುತ್ತಿದ್ದರು. ತಾಯಿಯ ಹಾಲು ಕೆಟ್ಟಿದೆ ಅನ್ನುತ್ತಿದ್ದರು, ಇದನ್ನು ಮಾತ್ರ ಸ್ವಲ್ಪ ಜೋರಾಗಿಯೇ ಅನ್ನುತ್ತಿದ್ದರು. ದೃಷ್ಟಿ ತಾಗದಿರಲಿ ಎಂದು ಕೂಸಿನ ಕೈಗೆ ಒಂದು ಕರಿಬಳೆ ತೊಡಿಸುತ್ತಿದ್ದರು. ಬಳೆ ತೊಟ್ಟ ಕೂಸುಗಳೂ ಹೋಗುತ್ತಿದ್ದವು.

ಬಾಳವ್ವನ ಗಂಡ ಹೋದದ್ದು ಮೊದಲು. ಆಮೇಲೆ ಮಳೆಗಾಲ ಬಂತು, ಹನ್ನೊಂದು ತಿಂಗಳ ಕೂಸು ಹೋಯಿತು, ಹೆಣ್ಣು ಕೂಸು. ಮಣ್ಣಿಗಿಡುವಾಗ ಅದರ ಕೈಯಿಂದ ಕರಿಬಳೆ ತಾನಾಗಿ ಜಾರಿ ಬಿತ್ತಂತೆ, ಕೈ ಅಷ್ಟು ಸಣ್ಣಗಾಗಿತ್ತು. ಬಾಳವ್ವ ಅದನ್ನು ಎತ್ತಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಒಂಬತ್ತನೇ ದಿನ ಹೋಗಿ ತಿಗರಿಯ ಮುಂದೆ ಕೂತಳು.

ತಿಗರಿ ಗಂಡಸಿನದು. ಮಣ್ಣು ತುಳಿಯುವುದು, ಬೂದಿ ಬೆರೆಸುವುದು, ಗಾಲಿಯಿಂದ ಇಳಿದ ಹಸಿ ಗಡಿಗೆಯನ್ನು ತಟ್ಟಿ ತಟ್ಟಿ ಹೊಟ್ಟೆ ಬರಿಸುವುದು, ಅದೆಲ್ಲ ಹೆಂಗಸಿಗೆ ಬಿಟ್ಟದ್ದು. ತಿರುಗುವ ಗಾಲಿಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಮಾವ ರಾಚಪ್ಪನ ಕೈ ಆಗಲೇ ನಡುಗುತ್ತಿತ್ತು, ಅವನು ಮಾಡಿದ ಗಡಿಗೆಗಳು ಕುಡಿದವರಂತೆ ವಾಲುತ್ತಿದ್ದವು. ಆದರೂ ಅವನು ಬಾಗಿಲಲ್ಲೇ ನಿಂತು ಬಾಯಿ ಬಾಯಿ ಬಡಿದುಕೊಂಡ.

"ಏಳ ಮ್ಯಾಲಕ! ಹೆಣಮಕ್ಕಳು ತಿಗರಿ ಮುಟ್ಟಿದ್ರ ಮನಿ ಹಾಳಾಕ್ಕೈತಿ."

"ಇನ್ನೇನ ಉಳದೈತ್ರಿ ಮಾವಾರ, ಹಾಳಾಗಾಕ?" ಅಂದಳಂತೆ ಬಾಳವ್ವ, ಮತ್ತು ಗಾಲಿ ತಿರುಗಿಸಿದಳು.

ಮೊದಲ ಗಡಿಗೆ ಕೆಟ್ಟಿತು. ಕೆಡದೆ ಏನಾದೀತು? ಮನಸ್ಸು ಮಣ್ಣಿನಲ್ಲಿರಲಿಲ್ಲ. ಬೆರಳುಗಳು ಬಾಯನ್ನು ಅಗಲಿಸುವ ಬದಲು ಮುಚ್ಚುತ್ತಾ ಮುಚ್ಚುತ್ತಾ ಹೋದವು. ಹೊಟ್ಟೆ ತಟ್ಟಬೇಕಾದರೆ ಒಳಗೆ ಒಂದು ಕೈ ಹೋಗಬೇಕು, ಆ ಕೈಯಲ್ಲಿ ಗುಂಡುಕಲ್ಲು ಹಿಡಿದು ಒಳಗಿನಿಂದ ಒತ್ತುಕೊಡಬೇಕು. ಈ ಬಾಯಲ್ಲಿ ಕೈ ಹೋಗಲೇ ಇಲ್ಲ. ಹೊಟ್ಟೆ ದಪ್ಪವಾಗಿಯೇ ಉಳಿಯಿತು, ಸೊಟ್ಟಗಿದ್ದ ಹಾಗೆಯೇ ಆವಿಗೆಯ ಬೆಂಕಿಯಲ್ಲಿ ಬೆಂದಿತು. ರಾಚಪ್ಪ ಅದನ್ನು ಕಾಲಿನಿಂದ ಸರಿಸಿ, ಕುಂಬಾರನ ಕೈಯೇ ಒಳಗೆ ಹೋಗದ ಮೇಲೆ ಅದು ಗಡಿಗೆಯೇ ಅಲ್ಲ ಎಂದ.

ಆ ಗಡಿಗೆಯನ್ನು ಯಾರೂ ಒಯ್ಯಲಿಲ್ಲ. ಕೊನೆಗೆ ಕೂಲಿ ಮಾಡುವ ಫಕೀರವ್ವ ಬಂದಳು, ಒಡಕು ತಡಕು ಏನಾದರೂ ಇದ್ದರೆ ಕೊಡು ತಾಯಿ ಎಂದಳು. ಗಂಡನಿಲ್ಲದವಳು, ಮೂರು ಮಕ್ಕಳು, ಮೂರನೆಯದು ಇನ್ನೂ ಹೆಸರಿಲ್ಲದ ಕೂಸು. ಅವಳ ಗುಡಿಸಲು ಊರ ಹೊರಗೆ ತಿಪ್ಪೆಗಳ ನಡುವೆ. ಸೊಟ್ಟ ಗಡಿಗೆ ಆ ಗುಡಿಸಲಿಗೆ ಹೋಯಿತು.

ಮರುವರ್ಷ ಮಳೆ ಬಂತು, ಹೊಸ ನೀರು ಬಂತು, ಭೇದಿ ಬಂತು. ಮೇಲಿನ ಓಣಿಯಲ್ಲಿ ಬಂತು, ಕೆಳಗಿನ ಓಣಿಯಲ್ಲಿ ಬಂತು, ಗೌಡರ ವಾಡೆಯಲ್ಲೂ ಬಂತು. ಫಕೀರವ್ವನ ಗುಡಿಸಲಿಗೆ ಬರಲಿಲ್ಲ. ಮೂರೂ ಮಕ್ಕಳು ಕೆಸರಿನಲ್ಲಿ ಹೊರಳಿ ಆಡಿಕೊಂಡಿದ್ದವು. ಬಡವರ ಮಕ್ಕಳ ಹೊಟ್ಟೆ ಕಲ್ಲು ಅಂದರು ಊರವರು. ಅದೃಷ್ಟ ಅಂದರು. ಹಾಗಂದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಬಾಳವ್ವ ಹೋಗಲಿಲ್ಲ. ಫಕೀರವ್ವನ ಗುಡಿಸಲಿನ ಮುಂದೆ ಬೆಳಗಿನಿಂದ ಬಂದು ಕೂತಳು.

"ಯಾಕವಾ, ನನ್ನ ಮಕ್ಕಳನ್ನ ಎಣಿಸಾಕ ಬಂದಿಯೇನು? ಎಣಿಸಬ್ಯಾಡ, ದೃಷ್ಟಿ ಆಕ್ಕೈತಿ," ಎಂದಳು ಫಕೀರವ್ವ, ಅರ್ಧ ನಗುತ್ತಾ, ಅರ್ಧ ಹೆದರುತ್ತಾ.

"ನಿನ್ನ ಮಕ್ಕಳನ್ನ ಅಲ್ಲ. ನಿನ್ನ ಗಡಿಗೀನ ನೋಡಾಕ ಬಂದೀನಿ."

ಅದೇ ಕೆರೆಯ ನೀರು. ಅದೇ ಜೋಳದ ನುಚ್ಚು, ಅದೂ ಒಂದು ಹೊತ್ತು. ಕೈಕಾಲು ಊರಿನ ಯಾವ ಮಕ್ಕಳಿಗಿಂತಲೂ ಕೊಳೆ. ಬೇರೆ ಏನಿದೆ? ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಬಿತ್ತು. ನೀರು ಬೇಕಾದಾಗ ಫಕೀರವ್ವ ಗಡಿಗೆಯನ್ನು ಬಗ್ಗಿಸಿ ತಂಬಿಗೆಗೆ ಸುರಿಯುತ್ತಿದ್ದಳು. ಬೇರೆ ದಾರಿಯೇ ಇರಲಿಲ್ಲ ಅವಳಿಗೆ, ಆ ಬಾಯಲ್ಲಿ ಕೈ ಹೋಗುತ್ತಿರಲಿಲ್ಲ.

ಬಾಳವ್ವ ಮನೆಗೆ ಬಂದು ತನ್ನ ಕುಡಿಯುವ ನೀರಿನ ಹರವಿಯ ಮುಂದೆ ಕೂತಳು. ಆಗಿನ ಹರವಿ ನೀವು ನೋಡಿರಲಿಕ್ಕಿಲ್ಲ, ಆನೆಯ ಹೆಜ್ಜೆಯಷ್ಟು ಅಗಲ ಬಾಯಿ. ತಂಬಿಗೆ ಅದ್ದಿದರೆ ಜೊತೆಗೆ ಕೈಯೂ ಮಣಿಕಟ್ಟಿನವರೆಗೆ ಅದ್ದುತ್ತಿತ್ತು. ಒಂದು ಕೈ ಒಳಗೆ ಹೋದರೆ ಒಂದು ಹರಳು ಪಕ್ಕಕ್ಕಿಡುತ್ತಾ ಹೋದಳು. ಮಾವನ ಕೈ, ಕೆಸರು ಮೆತ್ತಿದ್ದು. ಮೇಕೆಗೆ ನೀರಿಟ್ಟು ಬಂದ ಕೈ. ನೆರೆಮನೆಯಾಕೆ ತನ್ನ ಕೂಸಿನ ಕುಂಡಿ ತೊಳೆದು ಬಂದು ಅದ್ದಿದ ಕೈ. ತಡೆದರೆ, "ಎಳೆಕೂಸಿಂದು ಹೊಲಸೇನಾ? ಹಾಲ ಅಲ್ಲೇನ ಅದು?" ಎಂದು ಅವಳಿಗೇ ಆಶ್ಚರ್ಯ. ಇಡೀ ಊರು ಹಾಗೆಯೇ ನಂಬಿತ್ತು. ಕೂಸಿನದು ಹೊಲಸಲ್ಲ, ಅದನ್ನು ತೊಳೆದ ಕೈಯನ್ನು ಮತ್ತೆ ತೊಳೆಯಬೇಕಿಲ್ಲ.

ಸಂಜೆಗೆ ನಲವತ್ತೊಂದು ಹರಳು. ಅದರಲ್ಲಿ ತನ್ನದೇ ಕೈ ಎಷ್ಟು ಎಂದು ಬಾಳವ್ವ ಬೇರೆ ಎಣಿಸಿದಳು. ಒಂಬತ್ತು. ತನ್ನ ಕೂಸು ಭೇದಿ ಹತ್ತಿ ಮಲಗಿದ್ದ ಆ ಮೂರು ದಿನ ತನ್ನ ಕೈ ಎಷ್ಟು ಸಲ ಅದನ್ನು ತೊಳೆದಿತ್ತು, ತೊಳೆದು ಎಷ್ಟು ಸಲ ಹರವಿಗೆ ಹೋಗಿತ್ತು, ಅದೇ ನೀರನ್ನು ಎಷ್ಟು ಸಲ ಅದರ ತುಟಿಗೆ ಹಿಡಿದಿತ್ತು ಎಂಬುದಕ್ಕೆ ಮಾತ್ರ ಹರಳು ಸಾಲಲಿಲ್ಲ. ಎದ್ದಳು. ಹರವಿಯನ್ನು ಅಂಗಳಕ್ಕೆ ಒಯ್ದು ಕಲ್ಲಿನ ಮೇಲೆ ಹಾಕಿ ಒಡೆದಳು. ಸೆರಗಿನ ಗಂಟು ಬಿಚ್ಚಿ ಕರಿಬಳೆಯನ್ನು ತಿಗರಿಯ ಪಕ್ಕದ ಗೂಟಕ್ಕೆ ತೂಗುಹಾಕಿದಳು.

"ಈ ಬಳಿಗಿಂತ ದೊಡ್ಡ ಬಾಯಿ ಇನ್ನ ನನ್ನ ತಿಗರಿ ಮ್ಯಾಲ ಹುಟ್ಟಂಗಿಲ್ಲ," ಅಂದಳು.

ಹೇಳುವುದು ಸುಲಭ. ಕೈ ಹೋಗದ ಗಡಿಗೆಯ ಹೊಟ್ಟೆಯನ್ನು ತಟ್ಟುವುದು ಹೇಗೆ? ನಾಲ್ಕು ಆವಿಗೆ ಗಡಿಗೆಗಳು ಒಡೆದು ಹೋದವಂತೆ. ಕೊನೆಗೆ ಮೊದಲು ಕೈ ಹೋಗುವಷ್ಟು ಅಗಲ ಬಾಯಿಯ ಹೊಟ್ಟೆ ತಟ್ಟಿ, ಆಮೇಲೆ ಬೇರೆ ಸಣ್ಣ ಕಂಠ ಮಾಡಿ ಹಸಿಯಿರುವಾಗಲೇ ಕೂಡಿಸುವುದನ್ನು ಕಂಡುಕೊಂಡಳು. ತಟ್ಟುತ್ತಾ ತಟ್ಟುತ್ತಾ ಅವಳ ಕೈಯೇ ಕೂಸಿನ ಕೈಯಷ್ಟು ಸಣ್ಣಗಾಗಿ ಆ ಕಂಠದೊಳಗೆ ಹೋಗಿ ಬರುತ್ತಿತ್ತು ಎಂದು ಹೇಳುವವರೂ ಇದ್ದಾರೆ. ಹೇಳುವವರ ಬಾಯಿಗೆ ಕಂಠ ಕೂಡಿಸಲು ಬರುವುದಿಲ್ಲವಲ್ಲ.

ಊರು ನಕ್ಕಿತು. ಗುಬ್ಬಿ ಕುಡಿಯೋ ಗಡಿಗೆ ಅಂದಿತು. ಕೆರೆಯಲ್ಲಿ ತುಂಬಿಸುವಾಗ ಬುಳುಬುಳು ಎಂದು ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಎರಡು ಮನೆಯ ಸುದ್ದಿ ಮಾತಾಡಿ ಮುಗಿಯುತ್ತದೆ ಎಂದು ಹೆಂಗಸರು ದೂರಿದರು, ದೂರಿ ಮಾತಾಡಿದರು. ಒಳಗೆ ತೊಳೆಯುವುದು ಹೇಗೆ ಎಂದು ಕೇಳಿದರು. ಆ ಪ್ರಶ್ನೆ ಸರಿಯಾದದ್ದೇ. ಮರಳು, ಹುಣಸೆಹಣ್ಣು ಹಾಕಿ ಕುಲುಕಬೇಕು ಎಂದು ಬಾಳವ್ವ ಮನೆ ಮನೆಗೆ ಹೋಗಿ ಕುಲುಕಿ ತೋರಿಸಿದಳು. ಬೇರೆ ಕುಂಬಾರ ಎರಡು ದಿನದ ಬಂಡಿದಾರಿಯಲ್ಲಿದ್ದ, ಆದ್ದರಿಂದ ಬೈದರೂ ಒಯ್ದರು.

ಒಯ್ದವರು ಏನು ಮಾಡಿದರು ಗೊತ್ತೇ? ಅರ್ಧಕ್ಕರ್ಧ ಮನೆಯವರು ಕಲ್ಲು ತೆಗೆದುಕೊಂಡು ಕಂಠ ಒಡೆದರು. ಕಂಠ ಹೋದರೆ ಬಾಯಿ ಅಗಲ, ಬಾಯಿ ಅಗಲವಾದರೆ ಕೈ ಒಳಗೆ. ಗೌಡ ದ್ಯಾವನಗೌಡನ ವಾಡೆಯಲ್ಲಿ ಮೊದಲು ಒಡೆದದ್ದು. ನಮ್ಮ ಮನೆಯ ನೀರಿಗೆ ನಮ್ಮ ಕೈ ಹಾಕಲು ಕುಂಬಾರತಿಯ ಅಪ್ಪಣೆ ಬೇಕೇನು ಎಂದ ಗೌಡ, ಒಡೆ ಎಂದು ಸೊಸೆಗೆ ಹೇಳಿದ. ಸೊಸೆ ಪಾರವ್ವ ಒಡೆದಳು.

ಬಾಳವ್ವನಿಗೆ ಸಿಟ್ಟು ಬರಲಿಲ್ಲವೇ? ಬಂದಿರಬೇಕು. ಆದರೆ ಅವಳು ಬುಟ್ಟಿ ಹಿಡಿದು ತಿಪ್ಪೆ ತಿಪ್ಪೆ ತಿರುಗಿ ಒಡೆದ ಕಂಠಗಳನ್ನು ಆರಿಸಿ ತಂದಳು. ಪ್ರತಿ ಕಂಠದ ಒಳಗೂ ಮನೆಗೊಂದರಂತೆ ಉಗುರಿನ ಗುರುತು ಹಾಕಿಟ್ಟಿದ್ದಳು, ಯಾವುದು ಯಾರ ಮನೆಯದು ಎಂದು ಅವಳಿಗೆ ಗೊತ್ತಿತ್ತು. ಅವನ್ನು ಒಂದು ಹಗ್ಗಕ್ಕೆ ಪೋಣಿಸಿದಳು. ಒಡೆಯದ ಮನೆಗಳಿಗೆ ಒಂದೊಂದು ಮಣ್ಣಿನ ಬಿಲ್ಲೆ ಸುಟ್ಟು ಇನ್ನೊಂದು ಹಗ್ಗಕ್ಕೆ ಪೋಣಿಸಿದಳು. ಎರಡು ಹಗ್ಗ, ಎರಡು ಗೂಟ.

ಮತ್ತೆ ಮಳೆ ಬಂತು. ದಿನಾ ಬೆಳಿಗ್ಗೆ ಬಾಳವ್ವ ಮನೆ ಮನೆಯ ಬಾಗಿಲಿಗೆ ಹೋಗಿ ಕೂಸು ಹೇಗಿದೆ ಎಂದು ಕೇಳುತ್ತಿದ್ದಳು. ಭೇದಿ ಎಂದರೆ ಆ ಮನೆಯ ಕಂಠಕ್ಕೋ ಬಿಲ್ಲೆಗೋ ಒಂದು ಸುಣ್ಣದ ಬೊಟ್ಟು. ಸಾವು ಎಣಿಸೋಕಿ ಬಂದಳು ಎಂದು ಬಾಗಿಲು ಹಾಕಿಕೊಂಡವರಿದ್ದರು. ಮುಖಕ್ಕೆ ಮುಸುರೆ ಚೆಲ್ಲಿದವರೂ ಇದ್ದರು. ಒರೆಸಿಕೊಂಡು ಮಾರನೇ ದಿನ ಮತ್ತೆ ಅದೇ ಬಾಗಿಲಿಗೆ ಹೋಗುತ್ತಿದ್ದಳಂತೆ.

ಮಳೆ ನಿಂತಿತು. ಚಳಿ ಬಿತ್ತು. ಗೌಡನ ಮಗಳ ಮದುವೆ ಕೂಡಿಬಂತು.

ಈಗ ಕೇಳಿ. ನಮ್ಮ ಕಡೆ ಮದುವೆಯೆಂದರೆ ಕುಂಬಾರರ ಮನೆಯಿಂದ ಶಾಸ್ತ್ರದ ನೀರಿಗೆ ಐರಾಣಿ ಗಡಿಗೆ ಬರಬೇಕು, ವಾದ್ಯ ಸಮೇತ ಬರಬೇಕು. ಆ ಊರಲ್ಲಿ ಇನ್ನೊಂದು ಶಾಸ್ತ್ರವಿತ್ತು. ಐದು ಜನ ಮುತ್ತೈದೆಯರು ಐರಾಣಿಯೊಳಗೆ ಕೈ ಅದ್ದಿ ಮದುಮಗಳಿಗೆ ನೀರು ಎರಚಬೇಕು. ಕೈ ಅದ್ದಬೇಕು ಅಂದರೆ ಬಾಯಿ ಅಗಲವಿರಬೇಕು. ಹುಣ್ಣಿಮೆಯೊಳಗೆ ಐದು ಅಗಲ ಬಾಯಿಯ ಗಡಿಗೆ ವಾಡೆಗೆ ಬರಲಿ ಎಂದು ಗೌಡ ಹೇಳಿಕಳಿಸಿದ. ಬರದಿದ್ದರೆ ತಿಗರಿ ಕಿತ್ತು ಕೆರೆಗೆ ಹಾಕಿ, ಕುಂಬಾರರ ಮನೆಯನ್ನು ಅಗಸೆಯಿಂದ ಹೊರಗೆ ಹಾಕುತ್ತೇನೆ ಎಂದೂ ಹೇಳಿಕಳಿಸಿದ.

ರಾಚಪ್ಪ ಸೊಸೆಯ ಮುಂದೆ ಕೈ ಜೋಡಿಸಿದ. ಐದೇ ಐದು ಗಡಿಗೆ, ಮದುವೆ ಮುಗಿದ ಮೇಲೆ ನಿನ್ನ ಬಳೆಯ ಅಳತೆ ನಿನಗೆ ಎಂದ. ಈ ವಯಸ್ಸಿನಲ್ಲಿ ನನ್ನನ್ನು ಯಾವ ಊರಿಗೆ ನಡೆಸುತ್ತೀ ತಾಯಿ ಎಂದ. ಆ ಮಾತು ಬಾಳವ್ವನಿಗೆ ನಾಟಿತು. ಇಡೀ ಒಂದು ದಿನ ಗಾಲಿಯ ಮುಂದೆ ಸುಮ್ಮನೆ ಕೂತಿದ್ದಳಂತೆ, ಮಣ್ಣು ಒಣಗಿ ಬಿರುಕು ಬಿಡುವವರೆಗೆ. ಆಮೇಲೆ ಬೇರೆ ಮಣ್ಣು ತಂದಳು. ಐದು ಗಡಿಗೆ ಮಾಡಿದಳು. ಅಂಥ ಗಡಿಗೆ ಅವಳು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ, ಬೆರಳಲ್ಲಿ ಮೀಟಿದರೆ ಗಂಟೆಯ ಹಾಗೆ ದನಿ ಕೊಡುತ್ತಿದ್ದವು ಅಂತಾರೆ. ಐದಕ್ಕೂ ಕಂಠ. ಐದಕ್ಕೂ ಕರಿಬಳೆಯ ಅಳತೆ.

ಹುಣ್ಣಿಮೆಯ ದಿನ ಮಟಮಟ ಮಧ್ಯಾಹ್ನ ಚಾವಡಿಗೆ ಬಂದಳು. ತಲೆಯ ಮೇಲೆ ಗಡಿಗೆಯ ಬುಟ್ಟಿ, ಎರಡು ಹೆಗಲಿಗೆ ಎರಡು ಹಗ್ಗ. ನಡೆದರೆ ಕಂಠಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಊರೆಲ್ಲ ಸೇರಿತು.

"ನಾ ಹೇಳಿದ್ದು ಏನು, ನೀ ತಂದದ್ದು ಏನು?" ಎಂದ ಗೌಡ.

ಬಾಳವ್ವ ಹಗ್ಗಗಳನ್ನು ಕಟ್ಟೆಯ ಮೇಲೆ ಹಾಸಿದಳು. "ಇವು ಕಂಠಾ ಒಡದ ಮನಿ ನೋಡ್ರಿ ಗೌಡ್ರ, ಹತ್ತೊಂಬತ್ತು. ಇದರಾಗ ಹದಿನಾಕು ಮನ್ಯಾಗ ಭೇದಿ ಹತ್ತಿ ಕೂಸು ಮಲಗಿದ್ವು. ಇವು ಒಡೀಲಾರದ ಮನಿ, ಹದಿನೇಳು. ಎರಡು ಮನ್ಯಾಗ ಮಲಗಿದ್ವು. ಕೆರಿ ಒಂದ, ಮಳಿ ಒಂದ, ದೇವರೂ ಒಂದ."

ಗೌಡ ಬುದ್ಧಿವಂತ. ಹಾಗಾದರೆ ಆ ಎರಡು ಮನೆಯಲ್ಲಿ ಯಾಕೆ ಮಲಗಿದವು, ನಿನ್ನ ಗಡಿಗೆ ಅಲ್ಲಿ ನಿದ್ದೆ ಮಾಡುತ್ತಿತ್ತೇನು ಎಂದು ಕೇಳಿದ. ಜನ ನಕ್ಕರು. ಬಾಳವ್ವ ಅವರನ್ನು ಸಾಕಾಗುವವರೆಗೆ ನಗಲು ಬಿಟ್ಟಳು.

"ಗೊತ್ತಿಲ್ರಿ," ಅಂದಳು. "ಗೊತ್ತಾಗೂಮಟ ಬಿಡಂಗಿಲ್ಲ."

ಆ ಚಾವಡಿಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಗೌಡನಿಗೆ ಅದೇ ಹೆಚ್ಚು ಸಿಟ್ಟು ತರಿಸಿತು. ಎದ್ದು ಬಂದು ಒಂದು ಗಡಿಗೆ ಎತ್ತಿಕೊಂಡ, ಕೈ ಹೋಗುವುದಿಲ್ಲವಂತೆ ನೋಡೋಣ ಎಂದು ನಾಲ್ಕು ಬೆರಳು ಕೂಡಿಸಿ ಒಳಗೆ ತುರುಕಿದ. ಎರಡನೇ ಗೆಣ್ಣಿನವರೆಗೆ ಹೋಯಿತು. ಹೋದದ್ದು ಬರಲಿಲ್ಲ. ಎಳೆದ, ತಿರುಚಿದ, ಗಡಿಗೆ ಗಂಟೆಯ ಹಾಗೆ ದನಿ ಕೊಟ್ಟಿತು. ಎಣ್ಣೆ ತನ್ನಿ ಎಂದರು ಯಾರೋ. ಒಡೆಯಿರಿ ಎಂದರು ಇನ್ಯಾರೋ.

"ಒಡೀರಿ," ಎಂದಳು ಬಾಳವ್ವ. "ಕಂಠಾ ಮಾತ್ರ ನನಗ ಕೊಡ್ರಿ. ಪೋಣಿಸೋದೈತಿ."

ಕೆಲವರು ಹೇಳುವಂತೆ ಅವತ್ತು ಸಿಕ್ಕಿಬಿದ್ದದ್ದು ಗೌಡನ ಕೈಯಲ್ಲ, ಮಾರಿಯ ಕೈ. ಕೂಸುಗಳನ್ನು ಒಯ್ಯಲು ಬಂದ ಮಾರಿ ಗಡಿಗೆಗೆ ಕೈ ಹಾಕಿ ಸಿಕ್ಕಿಕೊಂಡಳಂತೆ. ಬಾಳವ್ವನಿಗೆ ವಯಸ್ಸಾದ ಮೇಲೆ ಯಾರೋ ಇದನ್ನೇ ಕೇಳಿದ್ದರಂತೆ, ಅದು ಗೌಡನ ಕೈಯೋ ಮಾರಿಯ ಕೈಯೋ ಎಂದು. ಎರಡಕ್ಕೂ ಬೆರಳು ಐದೇ ಎಂದಳಂತೆ ಅವಳು.

ಗೌಡ ಬೆವೆತ. ಗಡಿಗೆಯನ್ನು ಕೈಯಲ್ಲಿ ತೊಟ್ಟುಕೊಂಡೇ, ಯಾವ ಶಾಸ್ತ್ರದ ಅಳತೆ ಇದು, ಯಾರು ಕೊಟ್ಟರು ನಿನಗೆ ಎಂದು ಗದರಿದ.

ಗೂಟದಿಂದ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು ಬಂದಿದ್ದ ಕರಿಬಳೆಯನ್ನು ಬಾಳವ್ವ ತೆಗೆದು ಎತ್ತಿ ಹಿಡಿದಳು. "ಚೆನ್ನಿ ಕೈ ಅಳತಿ."

ಚೆನ್ನಿ ಯಾರು? ಊರಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ.

"ನನ್ನ ಮಗಳು. ಹನ್ನೊಂದು ತಿಂಗಳಾಗಿತ್ತು. ಹೆಸರಿಟ್ಟಿದ್ದೆ. ಯಾರನ್ನೂ ಕೇಳಿರಲಿಲ್ಲ."

ಮಳೆಗಾಲ ದಾಟದ ಕೂಸಿಗೆ ಹೆಸರು! ಅದನ್ನು ಚಾವಡಿಯಲ್ಲಿ ನಿಂತು ಹೇಳುವುದು! ಬಹಿಷ್ಕಾರಕ್ಕೆ ಬೇರೆ ಕಾರಣವೇ ಬೇಕಿರಲಿಲ್ಲ. ಗೌಡ ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರ ಗುಂಪಿನಿಂದ ಅವನ ಸೊಸೆ ಪಾರವ್ವ ಮುಂದೆ ಬಂದಳು, ತುಂಬು ಬಸುರಿ. ಹಗ್ಗದ ಹತ್ತಿರ ಬಗ್ಗಲಾರದೆ ಬಗ್ಗಿ, ಸುಣ್ಣದ ಬೊಟ್ಟಿದ್ದ ಒಂದು ಕಂಠವನ್ನು ಹಿಡಿದುಕೊಂಡಳು.

"ಮಾವಾರ, ಇದು ನಮ್ಮನೀದು. ನೀವು ಒಡಿ ಅಂದ್ರಿ, ನಾ ಒಡದೆ. ಈ ಮಳಿಗಾಲದಾಗ ನನ್ನ ಕೂಸು ಹೋತು. ಅದಕ್ಕ ಹೆಸರೂ ಇರಲಿಲ್ಲ, ಏನಂತ ಕರದು ಅಳಲಿ?" ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಅಗಸೆಯವರೆಗೆ ಕೇಳುವಂತೆ ಕೂಗಿದಳಂತೆ: "ಇದಕ್ಕ ಈಗ ಹೆಸರಿಡತೀನಿ! ಹೆಣ್ಣಾದ್ರ ಚೆನ್ನಿ, ಗಂಡಾದ್ರ ಚೆನ್ನ! ನಮ್ಮನಿ ನೀರಿಗೆ ಇನ್ನ ಯಾರ ಕೈ ಹೊಕ್ಕತಿ ನೋಡತೀನಿ!"

ಅವಳ ಹಿಂದೆ ಇನ್ನೊಬ್ಬಳು ಬಂದು ತನ್ನ ಮನೆಯ ಕಂಠ ಹಿಡಿದುಕೊಂಡಳು. ಅವಳ ಹಿಂದೆ ಮತ್ತೊಬ್ಬಳು. ಹತ್ತೊಂಬತ್ತು ಕಂಠಗಳೂ ಹಗ್ಗ ಬಿಟ್ಟು ಹೆಂಗಸರ ಕೈಗೆ ಹೋದವು. ಒಂದು ಕೈ ಗಡಿಗೆಯಲ್ಲಿ ಸಿಕ್ಕಿಸಿಕೊಂಡ ಗೌಡ ಯಾರನ್ನು ಅಂತ ಹೊರಗೆ ಹಾಕಿಯಾನು?

ಮದುವೆ ಆಯಿತು. ಕಂಠದ ಐರಾಣಿಯೇ ಬಂತು, ಒಂದು ಕಡಿಮೆ, ಅದನ್ನು ಗೌಡನ ಕೈಗಾಗಿ ಒಡೆಯಲೇಬೇಕಾಯಿತು. ಮುತ್ತೈದೆಯರು ಕೈ ಅದ್ದಲಿಲ್ಲ, ಬಗ್ಗಿಸಿ ಸುರಿದರು. ಮದುಮಗಳು ಪೂರ್ತಿ ನೆನೆದು ನಡುಗಿದಳು, ಮಳೆ ಬೆಳೆಗೆ ಅದು ಒಳ್ಳೆಯ ಶಕುನ ಎಂದು ಅಲ್ಲೇ ಹೊಸ ಶಾಸ್ತ್ರ ಮಾಡಿದರು.

ಆಮೇಲೆ ಒಂದು ಕೂಸೂ ಸಾಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಸತ್ತವು, ಕಡಿಮೆ ಸತ್ತವು. ಆ ಎರಡು ಮನೆಗಳ ಬೆನ್ನನ್ನು ಬಾಳವ್ವ ಬಿಡಲಿಲ್ಲ. ಎರಡು ವರ್ಷ ತಿರುಗಿ ತಿರುಗಿ ಕಂಡುಕೊಂಡಳು, ಆ ಮನೆಗಳವರು ಮಳೆಗಾಲದಲ್ಲಿ ಕೆರೆಗೆ ಹೋಗದೆ ಹಿತ್ತಲ ಬಾವಿಯ ನೀರನ್ನೇ ಸೇದುತ್ತಿದ್ದರು, ಕೂಸಿನ ಹೊಲಸನ್ನೂ ಆ ಬಾವಿಯ ಬಾಯಲ್ಲೇ ಬಿಸಾಡುತ್ತಿದ್ದರು, ಎಳೆಕೂಸಿನದು ಹೊಲಸಲ್ಲವಲ್ಲ, ಅದಕ್ಕೆ. ಗಡಿಗೆಯ ಕಂಠ ಕಾದರೆ ಬಾವಿಯಿಂದ ಬಂದದ್ದು ನಿಂತೀತೆ? ಅಲ್ಲಿಂದ ಮುಂದೆ ಅವಳ ಬೈಗುಳಕ್ಕೆ ಹೊಸ ವಿಷಯ ಸಿಕ್ಕಿತು. ಕೂಸಿನದನ್ನು ಹೂಳಿ, ಕೈಗೆ ಬೂದಿ ಹಚ್ಚಿ ತೊಳೆಯಿರಿ ಎಂದು ಸಾಯುವವರೆಗೂ ಬೈದಳು. ಅವಳು ಸತ್ತ ದಿನ ತಿಗರಿ ತಾನಾಗಿ ಮೂರು ಸುತ್ತು ತಿರುಗಿತು ಅಂತಾರೆ. ರಾಚಪ್ಪನೇ ನೋಡಿದ್ದು ಅಂತಾರೆ. ರಾಚಪ್ಪ ಆಗಲೇ ಸತ್ತು ಎಷ್ಟೋ ವರ್ಷವಾಗಿತ್ತು, ಇರಲಿ.

ಈಗ ಅಲ್ಲಿ ತಿಗರಿ ಇಲ್ಲ. ನಲ್ಲಿ ಬಂದಿದೆ. ಇಪ್ಪತ್ತು ಲೀಟರಿನ ನೀರಿನ ಕ್ಯಾನು ಬಂದಿದೆ, ಅದರ ಕುತ್ತಿಗೆ ನೋಡಿ ಮುದುಕಿಯರು, ಬಾಳವ್ವನ ಗಡಿಗೆಯನ್ನು ಪೇಟೆಯವರು ಕದ್ದರು ಅನ್ನುತ್ತಾರೆ. ಮಳೆಗಾಲ ದಾಟಲೆಂದು ಯಾರೂ ಕಾಯುವುದಿಲ್ಲ. ಹದಿಮೂರನೇ ದಿನಕ್ಕೇ ಹೆಸರು. ಅವತ್ತು ಹೊಸ ಕರಿಬಳೆ ಮೊದಲು ಕೂಸಿನ ಕೈಗಲ್ಲ, ಮನೆಯ ನೀರಿನ ಗಡಿಗೆಯ ಬಾಯಿಗೆ, ಗಡಿಗೆ ಇಲ್ಲದಿದ್ದರೆ ಕ್ಯಾನಿನ ಬಾಯಿಗೆ. ಬಳೆಯನ್ನು ಬಾಯಿಯ ಮೇಲಿಟ್ಟು ಮನೆಯ ಹಿರಿಯಳು ಕೇಳುತ್ತಾಳೆ, "ಕೈ ಹೊಕ್ಕತೇನ?"

"ಹೋಗಂಗಿಲ್ಲ!" ಎನ್ನುತ್ತಾರೆ ಸೇರಿದ ಹೆಂಗಸರೆಲ್ಲ.

ಆಮೇಲೆ ಬಳೆ ಕೂಸಿನ ಕೈಗೆ. ಬೇರೆ ಊರುಗಳಲ್ಲಿ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಆ ಊರಲ್ಲಿ ಉಸುರುವುದಿಲ್ಲ. ಅಗಸೆ ಬಿದ್ದು ಎಷ್ಟೋ ಕಾಲವಾಯಿತು, ಆದರೂ ಅದು ನಿಂತಿದ್ದ ಕಡೆಗೆ ಮುಖ ಮಾಡಿ ಹೆಸರನ್ನು ಕೂಗುತ್ತಾರೆ.